ಸಾಲ ಸಿಕ್ಕಿತು, ಮುಂದೇನು? ದಾವಣಗೆರೆ ಸೀಮೆಯ ಹೆಣ್ಣುಮಕ್ಕಳ ಸಣ್ಣ ಉದ್ಯಮದ ಲೆಕ್ಕ

ದಾವಣಗೆರೆಯ ಒಬ್ಬ ಹೆಣ್ಣುಮಗಳು ರೊಟ್ಟಿ, ಚಟ್ನಿಪುಡಿ ಮಾಡಿ ಮಾರಬೇಕು ಅಂತ ಮನಸ್ಸು ಮಾಡಿದರೆ ಇವತ್ತು ದಾರಿಗಳಿಗೇನೂ ಬರವಿಲ್ಲ. ಸ್ವಸಹಾಯ ಸಂಘದಲ್ಲಿ ಸಾಲ ಎತ್ತಬಹುದು. ರಾಜ್ಯ ಸರ್ಕಾರದ ಉದ್ಯೋಗಿನಿ ಯೋಜನೆಗೆ ಅರ್ಜಿ ಹಾಕಬಹುದು. ಬ್ಯಾಂಕಿನಲ್ಲಿ ಮುದ್ರಾ ಸಾಲ ಕೇಳಬಹುದು. ದೊಡ್ಡ ಮಟ್ಟದಲ್ಲಿ ಮಾಡುವ ಧೈರ್ಯವಿದ್ದರೆ ಹೊಸ ಘಟಕಕ್ಕೆ ಸಬ್ಸಿಡಿ ಸಮೇತ ಸಾಲ ಕೊಡಿಸುವ ಕೇಂದ್ರದ ಪಿಎಂಇಜಿಪಿ ಇದೆ, ಆಹಾರ ಪದಾರ್ಥ ಮಾಡುವವರಿಗೇ ಅಂತ ಪಿಎಂಎಫ್‌ಎಂಇ ಇದೆ. ಕೆಲಸ ಕಲಿಯಬೇಕೆಂದರೆ ಊಟ, ವಸತಿ ಸಮೇತ ಉಚಿತ ತರಬೇತಿ ಇದೆ.

ಆದರೂ ನಮ್ಮ ಸುತ್ತ ನೋಡಿ. ಶುರುವಾದವು ಬಹಳ, ಬೆಳೆದವು ಕಡಿಮೆ. ಐದು ವರ್ಷದ ಹಿಂದೆ ಒಂದು ಹೊಲಿಗೆ ಯಂತ್ರ ಇಟ್ಟುಕೊಂಡು ಕೂತವರು ಇವತ್ತೂ ಅದೇ ಒಂದು ಯಂತ್ರದ ಮುಂದೆ ಕೂತಿರುತ್ತಾರೆ. ಇದು ನಮ್ಮ ಜಿಲ್ಲೆಯ ಕಥೆ ಮಾತ್ರ ಅಲ್ಲ. 2013-14ರ 6ನೇ ಆರ್ಥಿಕ ಗಣತಿಯ ಪ್ರಕಾರ ದೇಶದಲ್ಲಿ ಮಹಿಳೆಯರ ಒಡೆತನದಲ್ಲಿದ್ದ ಘಟಕಗಳು ಸುಮಾರು 80 ಲಕ್ಷ. ಒಟ್ಟು ಘಟಕಗಳಲ್ಲಿ ಇದು ಶೇ 14ಕ್ಕೂ ಸ್ವಲ್ಪ ಕಡಿಮೆ. ಅವುಗಳಲ್ಲಿ ಶೇ 80ಕ್ಕೂ ಹೆಚ್ಚು ಕಡೆ ಸಂಬಳಕ್ಕೆ ಒಬ್ಬ ಕೆಲಸಗಾರರೂ ಇರಲಿಲ್ಲ. ಅಂದರೆ ಒಬ್ಬರೇ ಮಾಡಬೇಕು, ಒಬ್ಬರೇ ಮಾರಬೇಕು. ಅವರಿಗೆ ಜ್ವರ ಬಂದರೆ ಅಂಗಡಿಗೂ ಬೀಗ.

ಹಾಗಾದರೆ ಈ ಯೋಜನೆಗಳಿಂದ ಉಪಯೋಗವೇ ಇಲ್ವಾ? ಖಂಡಿತ ಇದೆ. ಆದರೆ ಯೋಜನೆಗಳು ಯಾವ ಘಟ್ಟದಲ್ಲಿ ಕೈ ಹಿಡಿಯುತ್ತವೆ, ಯಾವ ಘಟ್ಟದಲ್ಲಿ ಕೈ ಬಿಡುತ್ತವೆ ಅನ್ನುವುದನ್ನು ಬಿಡಿಸಿ ನೋಡಬೇಕು. ನನ್ನ ಮಟ್ಟಿಗೆ ವಿಷಯ ಇಷ್ಟು: ಉದ್ಯಮ ಶುರು ಮಾಡಿಸುವುದಕ್ಕೆ ನಾವು ಚೆನ್ನಾಗಿ ಕಲಿತಿದ್ದೇವೆ. ಮೊದಲ ಸಾಲ ತೀರಿದ ಮೇಲೆ, ಎರಡನೇ ವರ್ಷದಲ್ಲಿ, ಆಕೆಯ ಜೊತೆ ನಿಲ್ಲುವುದನ್ನು ಇನ್ನೂ ಕಲಿತಿಲ್ಲ.

ಸಂಘ ಅನ್ನುವ ತಳಪಾಯ

ಹೆಣ್ಣುಮಕ್ಕಳ ಸಂಘಕ್ಕೆ ಬ್ಯಾಂಕ್ ಸಾಲ ಕೊಡುವ ಪದ್ಧತಿಯ ಬೇರು ಇರುವುದೇ ಕರ್ನಾಟಕದಲ್ಲಿ. 1980ರ ದಶಕದ ನಡುವಿನಲ್ಲಿ ಮೈರಾಡ ಅನ್ನುವ ಸ್ವಯಂಸೇವಾ ಸಂಸ್ಥೆ ನಮ್ಮ ರಾಜ್ಯದ ಹಳ್ಳಿಗಳಲ್ಲಿ ಸಣ್ಣ ಸಣ್ಣ ಉಳಿತಾಯ ಗುಂಪುಗಳನ್ನು ಕಟ್ಟಿತು. ಆ ಅನುಭವ ನೋಡಿಕೊಂಡು ಕೃಷಿ, ಗ್ರಾಮೀಣಾಭಿವೃದ್ಧಿ ಬ್ಯಾಂಕ್ ನಬಾರ್ಡ್ 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗಕ್ಕೆ ಕೈಹಾಕಿತು. 2000ದಲ್ಲಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಬಂತು. ಅಂಗನವಾಡಿ ಕಾರ್ಯಕರ್ತೆಯರೇ ಮನೆಮನೆಗೆ ಹೋಗಿ ಸಂಘ ಮಾಡಿಸಿದರು. 2011ರಲ್ಲಿ ಕೇಂದ್ರದ ಗ್ರಾಮೀಣ ಜೀವನೋಪಾಯ ಅಭಿಯಾನ ಶುರುವಾಯಿತು. ನಮ್ಮಲ್ಲಿ ಅದರ ಹೆಸರು ಸಂಜೀವಿನಿ. ಸಂಘದ ಮೇಲೆ ವಾರ್ಡ್ ಮಟ್ಟದ ಒಕ್ಕೂಟ, ಅದರ ಮೇಲೆ ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟ, ಹೀಗೆ ಕಟ್ಟಡ ಏರಿದೆ.

ಸಂಘ ಏನು ಮಾಡುತ್ತದೆ ಅನ್ನುವುದು ಗೊತ್ತಾಗಬೇಕಾದರೆ ಒಂದು ಸಭೆಯಲ್ಲಿ ಕೂರಬೇಕು. ಅಂಗನವಾಡಿ ಕೋಣೆಯಲ್ಲಿ ಜಮಖಾನ ಹಾಸಿರುತ್ತಾರೆ. ಹತ್ತು-ಹದಿನೈದು ಜನ. ಒಬ್ಬರು ದುಡ್ಡು ಎಣಿಸುತ್ತಾರೆ, ಇನ್ನೊಬ್ಬರು ನಡಾವಳಿ ಪುಸ್ತಕ ಬರೆಯುತ್ತಾರೆ. ಒಬ್ಬರ ಕಂತು ಬಂದಿಲ್ಲ. "ಯಾಕವ್ವಾ, ಈ ವಾರವೂ ಇಲ್ಲ?" ಅಂತ ಪ್ರತಿನಿಧಿ ಕೇಳುತ್ತಾರೆ. "ಎಮ್ಮೆ ಇನ್ನೂ ಕರು ಹಾಕಿಲ್ಲಕ್ಕಾ, ಹಾಲು ಶುರುವಾದ ಮೇಲೆ ಸೇರಿಸಿ ಕಟ್ತೀನಿ" ಅನ್ನುವ ಉತ್ತರ. ಪಕ್ಕದ ಮನೆಯವರು ತಲೆಯಾಡಿಸುತ್ತಾರೆ, ಹೌದು, ಎಮ್ಮೆ ಗಬ್ಬ ಇರುವುದು ನಿಜ. ಪುಸ್ತಕದಲ್ಲಿ ಬಾಕಿ ಅಂತ ಬರೆದು ಮುಂದಕ್ಕೆ ಹೋಗುತ್ತಾರೆ.

ಈ ಎರಡು ನಿಮಿಷದ ಮಾತಿನಲ್ಲಿ ಇರುವ ಮಾಹಿತಿ ಯಾವ ಬ್ಯಾಂಕ್ ಮ್ಯಾನೇಜರ್ ಹತ್ತಿರವೂ ಇರುವುದಿಲ್ಲ. ಯಾರು ನಂಬಿಕಸ್ಥರು, ಯಾರಿಗೆ ನಿಜವಾಗಿ ತೊಂದರೆ ಇದೆ, ಯಾರು ಸುಮ್ನೆ ನೆಪ ಹೇಳುತ್ತಿದ್ದಾರೆ ಅನ್ನುವುದು ಸಂಘಕ್ಕೆ ಗೊತ್ತು. ಹೆಣ್ಣುಮಕ್ಕಳ ಹೆಸರಿನಲ್ಲಿ ಪಹಣಿ ಇಲ್ಲ, ಮನೆ ಪತ್ರ ಇಲ್ಲ. ಜಾಮೀನಿಗೆ ಇಡುವುದು ಏನೂ ಇಲ್ಲದ ಕಡೆ ಈ ನಡಾವಳಿ ಪುಸ್ತಕವೇ ಜಾಮೀನು. ಅದಕ್ಕೇ ಸಂಜೀವಿನಿಯವರು 'ಪಂಚಸೂತ್ರ' ಅಂತ ಹೇಳಿಕೊಡುತ್ತಾರೆ: ತಪ್ಪದ ಸಭೆ, ತಪ್ಪದ ಉಳಿತಾಯ, ಸಂಘದೊಳಗೇ ಸಾಲ, ತಪ್ಪದ ಮರುಪಾವತಿ, ಸರಿಯಾದ ಪುಸ್ತಕ. ಇದನ್ನು ಪಾಲಿಸಿದ ಸಂಘಕ್ಕೆ ಬ್ಯಾಂಕ್ ಬಾಗಿಲು ತೆರೆಯುತ್ತದೆ. ರಿಸರ್ವ್ ಬ್ಯಾಂಕಿನ ಸೂಚನೆಯಂತೆ ಮೊದಲ ಸಾಲ ಕನಿಷ್ಠ 1.5 ಲಕ್ಷ, ಎರಡನೆಯದು 3 ಲಕ್ಷ, ಮೂರನೆಯದು 6 ಲಕ್ಷ. 3 ಲಕ್ಷದವರೆಗಿನ ಸಾಲಕ್ಕೆ ಬಡ್ಡಿ ಶೇ 7. ಹಳ್ಳಿಯಲ್ಲಿ ಕೈಸಾಲಕ್ಕೆ ತಿಂಗಳಿಗೆ ನೂರಕ್ಕೆ ಮೂರು, ಐದು ರೂಪಾಯಿ ಬಡ್ಡಿ ಕೊಟ್ಟವರಿಗೆ ಇದರ ಬೆಲೆ ಗೊತ್ತು.

ಇಲ್ಲಿಯವರೆಗೆ ಎಲ್ಲ ಚೆನ್ನ. ತೊಡಕು ಇರುವುದು ಇದರ ಮುಂದೆ. 3 ಲಕ್ಷ ಸಾಲ ಬಂತು ಅನ್ನಿ. ಸಂಘದಲ್ಲಿ ಹದಿನೈದು ಜನ. ಬಹಳ ಕಡೆ ಏನು ಮಾಡುತ್ತಾರೆ? ಸಮನಾಗಿ ಹಂಚಿಕೊಳ್ಳುತ್ತಾರೆ. ತಲೆಗೆ 20 ಸಾವಿರ. ಜಗಳ ಇಲ್ಲ, ತಂಟೆ ಇಲ್ಲ. ಆದರೆ ಆ ಹದಿನೈದು ಜನರಲ್ಲಿ ನಿಜವಾಗಿ ವ್ಯಾಪಾರ ಮಾಡುವವರು ಇಬ್ಬರೋ ಮೂವರೋ ಇರುತ್ತಾರೆ. ಅವರಿಗೆ ಬೇಕಿದ್ದದ್ದು 80 ಸಾವಿರ. ಸಿಕ್ಕಿದ್ದು 20 ಸಾವಿರ. ಉಳಿದವರ 20 ಸಾವಿರ ಮಗಳ ಫೀಸಿಗೆ, ಮನೆ ರಿಪೇರಿಗೆ, ಹಳೇ ಸಾಲಕ್ಕೆ ಹೋಗುತ್ತದೆ. ಅದು ತಪ್ಪು ಅಂತ ನಾನು ಹೇಳುವುದಿಲ್ಲ, ಆ ಮನೆಗಳಿಗೆ ಅದೇ ದೊಡ್ಡ ಆಸರೆ. ಆದರೆ ಅದನ್ನು ಉದ್ಯಮ ಸಾಲ ಅಂತ ವರದಿಯಲ್ಲಿ ಬರೆದುಕೊಂಡರೆ ನಮಗೆ ನಾವೇ ಮೋಸ ಮಾಡಿಕೊಂಡ ಹಾಗೆ. ಸಂಘ ಅನ್ನುವುದು ಬದುಕಿಗೆ ಆಧಾರ. ಉದ್ಯಮಕ್ಕೆ ಅದು ತಳಪಾಯ ಮಾತ್ರ, ಗೋಡೆಯನ್ನು ಬೇರೆಯೇ ಕಟ್ಟಬೇಕು.

ಸಬ್ಸಿಡಿ ಅಂದರೆ ಕೈಗೆ ಬರುವ ದುಡ್ಡಲ್ಲ

ಒಬ್ಬೊಬ್ಬರಿಗೇ ಕೊಡುವ ಸಾಲಗಳ ಬಗ್ಗೆ ಜನರಲ್ಲಿ ಗೊಂದಲ ಜಾಸ್ತಿ. ಮುಖ್ಯವಾದವನ್ನು ಮಾತ್ರ ಹೇಳುತ್ತೇನೆ.

ಉದ್ಯೋಗಿನಿ ನಡೆಸುವುದು ರಾಜ್ಯ ಮಹಿಳಾ ಅಭಿವೃದ್ಧಿ ನಿಗಮ. 18ರಿಂದ 55 ವರ್ಷದವರು ಅರ್ಜಿ ಹಾಕಬಹುದು. ಪರಿಶಿಷ್ಟ ಜಾತಿ, ಪಂಗಡದ ಮಹಿಳೆಯರಿಗೆ 3 ಲಕ್ಷದವರೆಗಿನ ಸಾಲದಲ್ಲಿ ಅರ್ಧ ಸಬ್ಸಿಡಿ, ಅಂದರೆ ಗರಿಷ್ಠ 1.5 ಲಕ್ಷ. ಉಳಿದವರಿಗೆ ಶೇ 30, ಗರಿಷ್ಠ 90 ಸಾವಿರ. ಒಳ್ಳೆಯ ಯೋಜನೆ. ಆದರೆ ಒಂದೊಂದು ತಾಲೂಕಿಗೆ ವರ್ಷಕ್ಕೆ ಇಷ್ಟೇ ಜನ ಅಂತ ಗುರಿ ನಿಗದಿಯಾಗಿರುತ್ತದೆ, ಆಯ್ಕೆ ಸಮಿತಿಗೆ ಶಾಸಕರು ಅಧ್ಯಕ್ಷರು. ಅರ್ಜಿ ಹಾಕಿದವರು ಹೆಚ್ಚು, ಸಿಗುವವರು ಕಡಿಮೆ. ಹಾಗಾಗಿ ಇದನ್ನೇ ನಂಬಿಕೊಂಡು ಎರಡು ವರ್ಷ ಕಾಯುವುದು ಬೇಡ ಅನ್ನುವುದು ನನ್ನ ಮಾತು.

ಪಿಎಂಇಜಿಪಿ ಮೊತ್ತ ದೊಡ್ಡದು. ತಯಾರಿಕೆಗೆ 50 ಲಕ್ಷದವರೆಗಿನ, ಸೇವೆಗೆ 20 ಲಕ್ಷದವರೆಗಿನ ಯೋಜನೆ ಹಾಕಬಹುದು. ಮಹಿಳೆಯರು ವಿಶೇಷ ವರ್ಗದಲ್ಲಿ ಬರುತ್ತಾರೆ. ಅವರು ಕೈಯಿಂದ ಹಾಕಬೇಕಾದದ್ದು ಶೇ 5 ಮಾತ್ರ. ಸಬ್ಸಿಡಿ ನಗರದಲ್ಲಿ ಶೇ 25, ಹಳ್ಳಿಯಲ್ಲಿ ಶೇ 35. ದಾವಣಗೆರೆ ನಗರದಲ್ಲಿ ಹಾಕುವ ಘಟಕವನ್ನೇ ಜಗಳೂರಿನ ಒಂದು ಹಳ್ಳಿಯಲ್ಲಿ ಹಾಕಿದರೆ 4 ಲಕ್ಷದ ಯೋಜನೆಗೆ 1 ಲಕ್ಷದ ಬದಲು 1.4 ಲಕ್ಷ ಸಬ್ಸಿಡಿ.

ಆದರೆ ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಆ 1.4 ಲಕ್ಷ ಆಕೆಯ ಕೈಗೆ ಬರುವುದಿಲ್ಲ. ಅದು ಅದೇ ಬ್ಯಾಂಕಿನಲ್ಲಿ ಮೂರು ವರ್ಷ ಠೇವಣಿಯಾಗಿ ಕೂರುತ್ತದೆ. ಘಟಕ ನಡೆಯುತ್ತಿದೆ ಅಂತ ಖಾತ್ರಿಯಾದ ಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಅಲ್ಲಿಯವರೆಗೆ ಅಷ್ಟು ಮೊತ್ತಕ್ಕೆ ಬಡ್ಡಿ ಹಾಕುವುದಿಲ್ಲ, ಅಷ್ಟೇ. ಇದನ್ನು ತಿಳಿಯದೆ 'ಸಬ್ಸಿಡಿ ಬಂದ ಮೇಲೆ ಕಟ್ಟಿದರಾಯ್ತು' ಅಂತ ಕಂತು ನಿಲ್ಲಿಸಿದವರು, ಸಾಲ ಕಟ್ಟಿದ ದಾಖಲೆಗೆ ಕೊಡುವ ಅಂಕ, ಅಂದರೆ ಸಿಬಿಲ್ ಸ್ಕೋರ್ ಹಾಳು ಮಾಡಿಕೊಂಡವರು ಎಷ್ಟೋ ಜನ. ತಪ್ಪು ಅವರದ್ದಲ್ಲ. ಅರ್ಜಿ ಬರೆಸುವಾಗ ಸಬ್ಸಿಡಿ ಎಷ್ಟು ಅಂತ ಹೇಳುವವರು ಹತ್ತು ಜನ ಸಿಗುತ್ತಾರೆ, ಅದು ಯಾವಾಗ ಬರುತ್ತದೆ ಅಂತ ಹೇಳುವವರು ಒಬ್ಬರೂ ಇರುವುದಿಲ್ಲ.

2015ರಲ್ಲಿ ಶುರುವಾದ ಮುದ್ರಾದಲ್ಲಿ ಸಬ್ಸಿಡಿ ಇಲ್ಲ, ಆದರೆ ಜಾಮೀನೂ ಬೇಡ. ಶಿಶು 50 ಸಾವಿರದವರೆಗೆ, ಕಿಶೋರ 5 ಲಕ್ಷದವರೆಗೆ, ತರುಣ 10 ಲಕ್ಷದವರೆಗೆ. ದೇಶದಲ್ಲಿ ಮುದ್ರಾ ಸಾಲ ಪಡೆದ ಮೂವರಲ್ಲಿ ಇಬ್ಬರು ಮಹಿಳೆಯರು ಅಂತ ಸರ್ಕಾರ ಹೇಳುತ್ತದೆ. ನಿಜ, ಆದರೆ ಅವರಲ್ಲಿ ಹೆಚ್ಚಿನವರು ಶಿಶು ಮೆಟ್ಟಿಲಲ್ಲೇ ಇದ್ದಾರೆ. ಮೇಲಿನ ಮೆಟ್ಟಿಲಿಗೆ ಏರುವಾಗ ಬ್ಯಾಂಕ್ ವಹಿವಾಟಿನ ಲೆಕ್ಕ ಕೇಳುತ್ತದೆ, ಲೆಕ್ಕ ಬರೆದಿಟ್ಟಿರುವುದಿಲ್ಲ.

ಪಿಎಂಎಫ್‌ಎಂಇ ದಾವಣಗೆರೆ, ಪಕ್ಕದ ಚಿತ್ರದುರ್ಗ ಎರಡೂ ಜಿಲ್ಲೆಗೆ ಹೇಳಿ ಮಾಡಿಸಿದ ಹಾಗಿದೆ. 2020ರಲ್ಲಿ ಬಂದ ಈ ಯೋಜನೆಯಲ್ಲಿ ಒಂದು ಜಿಲ್ಲೆಗೆ ಒಂದು ಉತ್ಪನ್ನ ಅಂತ ಆರಿಸಿದ್ದಾರೆ. ದಾವಣಗೆರೆಗೆ ಸಿರಿಧಾನ್ಯ, ಚಿತ್ರದುರ್ಗಕ್ಕೆ ಶೇಂಗಾ. ಕೇಂದ್ರದ ಶೇ 35 ಸಬ್ಸಿಡಿಗೆ ರಾಜ್ಯ ಶೇ 15 ಸೇರಿಸಿದೆ. ಒಟ್ಟು ಅರ್ಧ, ಗರಿಷ್ಠ 15 ಲಕ್ಷ. ಆಹಾರ ತಯಾರಿಸುವ ಸಂಘದ ಸದಸ್ಯರಿಗೆ ತಲಾ 40 ಸಾವಿರ ಬೀಜಧನವೂ ಇದೆ. ಈ 40 ಸಾವಿರವನ್ನು ದುಡಿಯುವ ಬಂಡವಾಳಕ್ಕೆ, ಸಣ್ಣಪುಟ್ಟ ಸಲಕರಣೆಗೆ ಬಳಸಬಹುದು. ನೋಡುವುದಕ್ಕೆ ಸಣ್ಣ ಮೊತ್ತ. ಆದರೆ ಇದರಲ್ಲಿ ಇರುವಷ್ಟು ತಿಳಿವಳಿಕೆ ದೊಡ್ಡ ಸಬ್ಸಿಡಿಗಳಲ್ಲಿ ಇಲ್ಲ. ಯಾಕೆ ಅಂತ ಒಂದು ರೊಟ್ಟಿ ಲೆಕ್ಕದಲ್ಲಿ ತೋರಿಸುತ್ತೇನೆ.

ಉದ್ರಿಯಲ್ಲಿ ಸಿಕ್ಕಿಕೊಳ್ಳುವ ದುಡ್ಡು

ಲೆಕ್ಕಕ್ಕೆ ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಬ್ಬ ಅತ್ತೆ, ಸೊಸೆ ಸೇರಿ ದಿನಕ್ಕೆ 200 ಜೋಳದ ರೊಟ್ಟಿ ತಟ್ಟುತ್ತಾರೆ. ಖಾನಾವಳಿಗೆ, ಕಿರಾಣಿ ಅಂಗಡಿಗಳಿಗೆ 8 ರೂಪಾಯಿಗೆ ಒಂದರಂತೆ ಹಾಕುತ್ತಾರೆ. ದಿನಕ್ಕೆ 1,600. ಜೋಳ, ಗಿರಣಿ, ಗ್ಯಾಸು, ಕವರು, ಆಟೋ ಎಲ್ಲ ಸೇರಿ 900 ಖರ್ಚು. ಉಳಿಯುವುದು 700. ಇಬ್ಬರ ದುಡಿಮೆಗೆ ಇದು ಜಾಸ್ತಿಯೇನಲ್ಲ, ಆದರೂ ಪರವಾಗಿಲ್ಲ.

ಈಗ ಅಂಗಡಿಯವರು "ಅಕ್ಕಾ, ಹದಿನೈದು ದಿನಕ್ಕೊಮ್ಮೆ ಲೆಕ್ಕ ಮಾಡೋಣ" ಅನ್ನುತ್ತಾರೆ. ಹಾಗೇ ಅನ್ನುತ್ತಾರೆ, ಎಲ್ಲರೂ. ಆ ಹದಿನೈದು ದಿನ ದಿನಕ್ಕೆ 900ರಂತೆ 13,500 ರೂಪಾಯಿ ಕೈಯಿಂದ ಹಾಕಿಕೊಂಡು ಹೋಗಬೇಕು. ಮದುವೆ ಸೀಸನ್ ಬಂತು, ದಿನಕ್ಕೆ 400 ರೊಟ್ಟಿ ಕೇಳಿದರು ಅನ್ನಿ. ಬೇಡಿಕೆ ಎರಡರಷ್ಟಾಯಿತು, ಖುಷಿಯ ವಿಷಯ ಅಲ್ವಾ? ಆದರೆ ಮೊದಲ ರೂಪಾಯಿ ವಾಪಸ್ ಬರುವ ಮುಂಚೆ 27 ಸಾವಿರ ಹಾಕಬೇಕು, ತಟ್ಟುವುದಕ್ಕೆ ಕರೆದ ಇನ್ನಿಬ್ಬರ ಕೂಲಿ ಬೇರೆ. ಆ ದುಡ್ಡು ಇಲ್ಲದ್ದಕ್ಕೆ ಆಕೆ "ಇಲ್ಲಪ್ಪಾ, 200ಕ್ಕಿಂತ ಆಗಲ್ಲ" ಅನ್ನುತ್ತಾಳೆ.

ಹೊರಗಿನಿಂದ ನೋಡಿದವರು ಆಕೆಗೆ ಮಹತ್ವಾಕಾಂಕ್ಷೆ ಇಲ್ಲ, ತರಬೇತಿ ಸಾಲದು ಅನ್ನುತ್ತಾರೆ. ಕೊರತೆ ತರಬೇತಿಯದ್ದಲ್ಲ. ಮಾರಿದ ದುಡ್ಡು ಉದ್ರಿಯಲ್ಲಿ ನಿಂತುಬಿಟ್ಟಿದೆ. ಯೋಜನೆಗಳಲ್ಲಿ ಹೆಚ್ಚಿನವು ರೊಟ್ಟಿ ಯಂತ್ರಕ್ಕೆ ಸಾಲ ಕೊಡುತ್ತವೆ. ಕೊಟೇಶನ್ ತನ್ನಿ, ಬಿಲ್ಲು ತನ್ನಿ, ಯಂತ್ರದ ಅಂಗಡಿಗೇ ದುಡ್ಡು ಹಾಕುತ್ತೇವೆ ಅನ್ನುತ್ತವೆ. ಯಂತ್ರ ಬಂದು ಮನೆಯಲ್ಲಿ ಕೂರುತ್ತದೆ. ಅದಕ್ಕೆ ಹಾಕುವ ಹಿಟ್ಟಿಗೆ ದುಡ್ಡಿಲ್ಲ. ಸುಮ್ಮನೆ ಬಟ್ಟೆ ಹೊದ್ದುಕೊಂಡು ನಿಂತ ಯಂತ್ರಗಳನ್ನು ನಮ್ಮ ಹಳ್ಳಿಗಳಲ್ಲಿ ಯಾರು ನೋಡಿಲ್ಲ ಹೇಳಿ. ಬೇಕಾದಾಗ ತೆಗೆದು, ಬಂದಾಗ ಕಟ್ಟುವ ಕ್ಯಾಶ್ ಕ್ರೆಡಿಟ್ ಸಾಲವನ್ನು ಸಂಘಗಳಿಗೆ ಕೊಡಿ ಅಂತ ರಿಸರ್ವ್ ಬ್ಯಾಂಕೇ ಹೇಳಿದೆ. ಒಬ್ಬೊಬ್ಬ ಉದ್ಯಮಿಗೂ ಅಂಥದ್ದೇ ಒಂದು ಸಣ್ಣ ಸೌಲಭ್ಯ ಸುಲಭವಾಗಿ ಸಿಗುವಂತಾದರೆ, ಎಷ್ಟೋ ಸಬ್ಸಿಡಿಗಿಂತ ಅದು ಮೇಲು.

ಈ ಸಂದಿನಲ್ಲೇ ವಾರದ ಕಂತಿನ ಕಿರುಸಾಲ ಕಂಪನಿಗಳು ಒಳಗೆ ಬರುತ್ತವೆ. ಮನೆ ಬಾಗಿಲಿಗೇ ಬರುತ್ತಾರೆ, ಎರಡು ದಿನದಲ್ಲಿ ದುಡ್ಡು ಕೊಡುತ್ತಾರೆ. ಬಡ್ಡಿ ಶೇ 20ರ ಮೇಲೆ. ಮುಂದಿನ ವಾರದಿಂದಲೇ ಕಂತು. ಒಂದರ ಕಂತು ಕಟ್ಟುವುದಕ್ಕೆ ಇನ್ನೊಂದರಲ್ಲಿ ಸಾಲ. ಒಂದು ಮನೆಯ ಎಲ್ಲ ಕಂತು ಸೇರಿ ಆ ಮನೆಯ ತಿಂಗಳ ಆದಾಯದ ಅರ್ಧ ದಾಟಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ಆದರೂ ಕಿರುಕುಳ ಎಷ್ಟು ಮಿತಿ ಮೀರಿತು ಅಂದರೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಕಾನೂನು ಬೇಕಿತ್ತು. ಆದರೆ ಹೆಣ್ಣುಮಕ್ಕಳು ಆ ಸಾಲಕ್ಕೆ ಯಾಕೆ ಹೋದರು ಅನ್ನುವ ಕಾರಣ ಹಾಗೇ ಉಳಿದಿದೆ. ಉದ್ರಿ ಬಾಕಿ ನಿಂತ ವಾರ, ಆಕೆಗೆ ಎರಡು ದಿನದಲ್ಲಿ 20 ಸಾವಿರ ಕೊಡುವ ಬೇರೆ ಯಾರೂ ಇರಲಿಲ್ಲ.

ಮೊದಲ ಕಂತು ಯಾವಾಗ ಅನ್ನುವುದು ಎಷ್ಟು ಮುಖ್ಯ ಅಂತ ಕೋಲ್ಕತ್ತದಲ್ಲಿ ಸಂಶೋಧಕರು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಒಂದು ಗುಂಪಿನ ಮಹಿಳೆಯರಿಗೆ ಎರಡು ವಾರಕ್ಕೇ ಕಂತು ಶುರು, ಇನ್ನೊಂದು ಗುಂಪಿಗೆ ಎರಡು ತಿಂಗಳು ಬಿಡುವು. ಬಿಡುವು ಸಿಕ್ಕವರು ವ್ಯಾಪಾರಕ್ಕೆ ಹೆಚ್ಚು ದುಡ್ಡು ಹಾಕಿದರು, ಸುಮಾರು ಮೂರು ವರ್ಷದ ನಂತರ ನೋಡಿದಾಗ ಅವರ ಲಾಭವೂ ಜಾಸ್ತಿ ಇತ್ತು. ಆದರೆ ಆ ಗುಂಪಿನಲ್ಲಿ ಸಾಲ ಕಟ್ಟದವರೂ ಸ್ವಲ್ಪ ಹೆಚ್ಚಾದರು. ಸಾಲ ಕೊಡುವವರು ಬಿಡುವಿಗೆ ಹೆದರುವುದು ಅದಕ್ಕೇ. ಕಂತು ಮುಂದಿನ ವಾರವೇ ಬರುತ್ತದೆ ಅಂತಾದರೆ ಯಾರಾದರೂ ನಾಳೆಯೇ ದುಡ್ಡು ತರುವ ವ್ಯಾಪಾರವನ್ನೇ ಆರಿಸುತ್ತಾರೆ. ತರಕಾರಿ ತಂದು ಮಾರುತ್ತಾರೆ. ಶೇಂಗಾ ಎಣ್ಣೆ ಗಾಣ ಹಾಕಿ ಆರು ತಿಂಗಳು ಕಾಯುವ ಧೈರ್ಯ ಮಾಡುವುದಿಲ್ಲ.

ಯಾರ ಹೆಸರು, ಯಾರ ದುಡಿಮೆ

ಇನ್ನೊಂದು ಸಂಗತಿ ಇದೆ, ನಮಗೆ ಮುಜುಗರ ತರುವಂಥದ್ದು. ಶ್ರೀಲಂಕಾದಲ್ಲಿ ಸಣ್ಣ ವ್ಯಾಪಾರಿಗಳಿಗೆ ಸುಮ್ಮನೆ ಬಂಡವಾಳ ಕೊಟ್ಟು ನೋಡಿದಾಗ ಗಂಡಸರ ಲಾಭ ಏರಿತು, ಹೆಂಗಸರದ್ದು ಏರಲಿಲ್ಲ. ಹಾಗಾದರೆ ಹೆಂಗಸರಿಗೆ ವ್ಯಾಪಾರ ಬರುವುದಿಲ್ಲ ಅಂತ ಕೆಲವರು ಅಂದುಕೊಂಡರು. ಆಮೇಲೆ ಭಾರತ, ಶ್ರೀಲಂಕಾ, ಘಾನಾದ ಅಂಕಿಗಳನ್ನು ಮತ್ತೆ ಬಿಡಿಸಿ ನೋಡಿದ ಸಂಶೋಧಕರಿಗೆ ಬೇರೆಯೇ ಕಂಡಿತು. ಹೆಂಗಸಿನ ಹೆಸರಿಗೆ ಬಂದ ದುಡ್ಡು ಗಂಡನ ವ್ಯಾಪಾರಕ್ಕೆ ಹೋಗಿತ್ತು. ಮನೆಯಲ್ಲಿ ವ್ಯಾಪಾರ ಮಾಡುವವಳು ಆಕೆಯೊಬ್ಬಳೇ ಇದ್ದ ಕಡೆ, ಆಕೆಯ ದುಡ್ಡೂ ಗಂಡಸರಷ್ಟೇ ದುಡಿದಿತ್ತು.

ಇದನ್ನು ಓದಿದಾಗ ನನಗೆ ಮೊಳಕಾಲ್ಮುರಿನ ಮಗ್ಗದ ಮನೆಗಳು ಕಣ್ಣ ಮುಂದೆ ಬಂದವು. ಆ ಊರಿನದ್ದೇ ಅನ್ನುವ ಜಿಐ ಮಾನ್ಯತೆ ಇರುವ ರೇಷ್ಮೆ ಸೀರೆ ಅದು. ಕಂಡಿಕೆ ಸುತ್ತುವವರು, ಎಳೆ ಜೋಡಿಸುವವರು ಬಹುಪಾಲು ಮನೆಯ ಹೆಣ್ಣುಮಕ್ಕಳು. ಮಗ್ಗ ಗಂಡನ ಹೆಸರಲ್ಲಿ, ಸೀರೆ ಕೊಂಡುಕೊಳ್ಳುವ ಮಾಲೀಕರ ಜೊತೆ ಮಾತು ಗಂಡನದ್ದು, ಸಾಲ ಮಾತ್ರ ಸಂಘದಲ್ಲಿ ಹೆಂಡತಿಯ ಹೆಸರಲ್ಲಿ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲೂ ಹೆಣ್ಣುಮಕ್ಕಳು ಬಿಸಿಯ ಮುಂದೆ ದುಡಿಯುತ್ತಾರೆ, ಲೈಸೆನ್ಸು ಮನೆಯ ಯಜಮಾನರದ್ದು. ಯೋಜನೆಯ ಪಟ್ಟಿಯಲ್ಲಿ ಇಂಥವರು ಫಲಾನುಭವಿಗಳು. ಮನೆಯಲ್ಲಿ 'ಕೈ ಜೋಡಿಸುವವರು'.

ಇದಕ್ಕೆ ಪೂರ್ತಿ ಪರಿಹಾರ ಸರ್ಕಾರದ ಕೈಯಲ್ಲಿ ಇಲ್ಲ. ಆದರೂ ಮಾಡಬಹುದಾದ ಕೆಲಸಗಳಿವೆ. ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡುವ ಉದ್ಯಮ್ ನೋಂದಣಿಗೆ ಒಂದು ಪೈಸೆಯೂ ಖರ್ಚಿಲ್ಲ. ವರ್ಷಕ್ಕೆ 12 ಲಕ್ಷದೊಳಗೆ ವಹಿವಾಟು ಇರುವ ಆಹಾರ ವ್ಯಾಪಾರಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಶುಲ್ಕ ವರ್ಷಕ್ಕೆ ಕೇವಲ 100 ರೂಪಾಯಿ. ಇವೆರಡನ್ನೂ ಆಕೆಯ ಹೆಸರಲ್ಲೇ ಮಾಡಿಸಿ, ಮಾರಾಟದ ದುಡ್ಡು ಆಕೆಯ ಖಾತೆಯ ಕ್ಯೂಆರ್ ಕೋಡಿಗೇ ಬರುವಂತೆ ಮಾಡಿದರೆ ಒಂದು ವರ್ಷದಲ್ಲಿ ಆಕೆಯ ಹೆಸರಲ್ಲಿ ವಹಿವಾಟಿನ ದಾಖಲೆ ತಯಾರಾಗುತ್ತದೆ. ಮುದ್ರಾದ ಮೇಲಿನ ಮೆಟ್ಟಿಲಿಗೆ ಬ್ಯಾಂಕ್ ಕೇಳುವ ದಾಖಲೆ ಅದೇ.

ಜೊತೆಗಾರರ ವಿಷಯವೂ ಇಲ್ಲೇ ಬರುತ್ತದೆ. ಅಹಮದಾಬಾದಿನಲ್ಲಿ ದುಡಿಯುವ ಮಹಿಳೆಯರದ್ದೇ ಆದ ಸೇವಾ ಬ್ಯಾಂಕಿನ ಎರಡು ದಿನದ ತರಬೇತಿಗೆ ಕೆಲವರನ್ನು ಒಬ್ಬರೇ ಬನ್ನಿ ಅಂದರು, ಕೆಲವರಿಗೆ ಒಬ್ಬ ಗೆಳತಿಯನ್ನೂ ಕರೆದುಕೊಂಡು ಬನ್ನಿ ಅಂದರು. ಗೆಳತಿಯ ಜೊತೆ ಬಂದವರೇ ಮುಂದೆ ವ್ಯಾಪಾರಕ್ಕೆ ಹೆಚ್ಚು ಸಾಲ ತೆಗೆದು ಬಳಸಿದರು. ನಮ್ಮ ಹೆಣ್ಣುಮಕ್ಕಳಿಗೆ ಇದು ಹೊಸ ಸಂಗತಿಯಲ್ಲ. "ನೀನು ಬಂದರೆ ನಾನೂ ಬರ್ತೀನಿ" ಅನ್ನದೆ ನಮ್ಮಲ್ಲಿ ಯಾವ ಕೆಲಸ ಶುರುವಾಗಿದೆ? ತರಬೇತಿಗೆ ಕರೆಯುವಾಗ ಒಬ್ಬೊಬ್ಬರ ಹೆಸರಿನ ಬದಲು ಜೋಡಿಯಾಗಿ ಕರೆದರೆ ಖರ್ಚೇನೂ ಹೆಚ್ಚಾಗುವುದಿಲ್ಲ.

ತರಬೇತಿಯ ವ್ಯವಸ್ಥೆ ನಮ್ಮಲ್ಲಿ ನಿಜಕ್ಕೂ ಚೆನ್ನಾಗಿದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ, ಸ್ವಂತ ಉದ್ಯೋಗಕ್ಕೆ ತರಬೇತಿ ಕೊಡುವ ರುಡ್‌ಸೆಟ್ ಮಾದರಿಯನ್ನೇ ಮುಂದೆ ದೇಶವೆಲ್ಲ ಅನುಸರಿಸಿತು. ಚಿತ್ರದುರ್ಗದಲ್ಲೂ ರುಡ್‌ಸೆಟ್ ಸಂಸ್ಥೆ ಇದೆ. ತರಬೇತಿ ಮುಗಿದ ಮೇಲೂ ಎರಡು ವರ್ಷ ವಿಚಾರಿಸಿಕೊಳ್ಳುವುದು ಈ ಮಾದರಿಯ ಜೀವಾಳ. ನನ್ನ ತಕರಾರು ಒಂದೇ: ಎಲ್ಲರಿಗೂ ಹೊಲಿಗೆಯೇ ಯಾಕೆ? ಒಂದು ಬೀದಿಯಲ್ಲಿ ಎಂಟು ಜನ ಬ್ಲೌಸ್ ಹೊಲಿಯುವವರಾದರೆ ಕೂಲಿ ಇಳಿಯುತ್ತದೆಯೇ ಹೊರತು ವ್ಯಾಪಾರ ಬೆಳೆಯುವುದಿಲ್ಲ. ಹೈದರಾಬಾದಿನ 104 ಬಡಾವಣೆಗಳಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮತ್ತು ಸಂಗಡಿಗರು ಕಿರುಸಾಲದ ಪರಿಣಾಮ ನೋಡಿದಾಗಲೂ ಹೀಗೇ ಕಂಡಿತ್ತು. ಸಾಲ ಸಿಕ್ಕ ಕಡೆ ಹೊಸ ವ್ಯಾಪಾರಗಳೇನೋ ಹುಟ್ಟಿದವು, ಆದರೆ ಹೆಚ್ಚಿನವು ಬಹಳ ಸಣ್ಣವು. ಲಾಭ ಕಂಡದ್ದು ಮೊದಲೇ ಚೆನ್ನಾಗಿ ನಡೆಯುತ್ತಿದ್ದ ವ್ಯಾಪಾರಗಳು.

ಹಾಗಂತ ಹೊಸಬರಿಗೆ ಕೊಡಬೇಡಿ ಅಂತಲ್ಲ. ಆಗಲೇ ಮಾಡುತ್ತಿರುವವರನ್ನು ಮರೆಯಬೇಡಿ ಅಂತ. ಬೀದಿ ವ್ಯಾಪಾರಿಗಳ ಪಿಎಂ ಸ್ವನಿಧಿಯಲ್ಲಿ ಇದು ಸರಿಯಾಗಿದೆ. 2020ರಲ್ಲಿ ಮೊದಲ ಸಾಲ 10 ಸಾವಿರ ಇತ್ತು, ಕಟ್ಟಿದವರಿಗೆ 20 ಸಾವಿರ, ಅದನ್ನೂ ಕಟ್ಟಿದವರಿಗೆ 50 ಸಾವಿರ. 2025ರಲ್ಲಿ ಮೊದಲೆರಡನ್ನು 15 ಮತ್ತು 25 ಸಾವಿರಕ್ಕೆ ಏರಿಸಿದರು. ರಾಮ್ ಅಂಡ್ ಕೋ ಸರ್ಕಲ್ ಹತ್ತಿರ ಸಂಜೆ ತಿಂಡಿ ಗಾಡಿ ಹಾಕುವವರಿಗೂ ಮುಂದಿನ ಮೆಟ್ಟಿಲು ಎಲ್ಲಿದೆ ಅಂತ ಮೊದಲ ದಿನವೇ ಗೊತ್ತಿರುತ್ತದೆ. ಉದ್ಯೋಗಿನಿಯಲ್ಲಿ ಆ ಮುಂದಿನ ಮೆಟ್ಟಿಲು ಎಲ್ಲಿದೆ?

ಮಾರುಕಟ್ಟೆಯ ವಿಷಯಕ್ಕೆ ಬಂದರೆ, ಮೇಳಗಳಲ್ಲಿ ಮೂರು ದಿನ ಸ್ಟಾಲ್ ಹಾಕಿಸುವುದು ನಮಗೆ ಚೆನ್ನಾಗಿ ಬರುತ್ತದೆ. ನಾಲ್ಕನೇ ದಿನದಿಂದ ಗಿರಾಕಿ ಎಲ್ಲಿ? ಸಂಜೀವಿನಿಯ ಅಕ್ಕ ಕೆಫೆಗಳು ಈ ದೃಷ್ಟಿಯಲ್ಲಿ ಒಳ್ಳೆಯ ಹೆಜ್ಜೆ. ಅವು ಇರುವುದು ದಿನಾಲೂ ಜನ ಬರುವ ಜಾಗದಲ್ಲಿ, ನಡೆಸುವವರು ಸಂಘದವರೇ. ಓಡಾಟಕ್ಕೆ 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದಿದೆ. ಆದರೆ ನಮ್ಮ ಸೀಮೆಯಲ್ಲಿ ಖಾಸಗಿ ಬಸ್ಸುಗಳೇ ಓಡುವ ದಾರಿಗಳು ಇನ್ನೂ ಬಹಳ. ಅಂಥ ಊರಿನ ಹೆಣ್ಣುಮಗಳಿಗೆ ಸಂತೆಗೆ ಹೋಗುವ ಟಿಕೆಟ್ ಖರ್ಚು ತಪ್ಪಿಲ್ಲ.

ಇನ್ನು ಕೊನೆಯ ಮಾತು, ಯಾರಿಗೆ ಯಾವ ಕೆಲಸಕ್ಕೆ ದುಡ್ಡು ಕೊಡುತ್ತೇವೆ ಅನ್ನುವುದು. ಪಿಎಂಎಫ್‌ಎಂಇಯಲ್ಲಿ ಜಿಲ್ಲಾ ಸಂಪನ್ಮೂಲ ವ್ಯಕ್ತಿ ಅಂತ ಇರುತ್ತಾರೆ. ಪ್ರಾಜೆಕ್ಟ್ ರಿಪೋರ್ಟ್ ಬರೆಯುವುದರಿಂದ ಹಿಡಿದು ಬ್ಯಾಂಕಿಗೆ ಓಡಾಡುವವರೆಗೆ ಅವರು ಜೊತೆಗಿರುತ್ತಾರೆ. ಒಂದು ಸಾಲ ಮಂಜೂರು ಮಾಡಿಸಿದರೆ ಅವರಿಗೆ 20 ಸಾವಿರ. ಅರ್ಧ ಮಂಜೂರಾತಿ ಆದಾಗ, ಉಳಿದರ್ಧ ನೋಂದಣಿ, ತರಬೇತಿ ಮುಗಿದಾಗ. ಅಂದರೆ ಘಟಕ ಶುರುವಾಗುವ ಹೊತ್ತಿಗೆ ಅವರ ಲೆಕ್ಕ ಚುಕ್ತಾ. ಅಂಗಡಿಯವರು ಉದ್ರಿ ಬಾಕಿ ಕೊಡದಿದ್ದಾಗ, ಪ್ಯಾಕೆಟ್ಟಿನ ಒಳಗೆ ಹಿಟ್ಟು ಹುಳ ಹಿಡಿದಾಗ, ಎರಡನೇ ಸಾಲಕ್ಕೆ ಬ್ಯಾಂಕ್ ಮೆಟ್ಟಿಲು ಹತ್ತುವಾಗ ಆಕೆ ಮತ್ತೆ ಒಬ್ಬಳೇ.

ಇದನ್ನು ಬದಲಿಸುವುದು ಕಷ್ಟವಲ್ಲ. ಆ ಹಣದಲ್ಲಿ ಒಂದು ಪಾಲನ್ನು ಘಟಕ ಎರಡು ವರ್ಷ ನಡೆದ ಮೇಲೆ ಕೊಡುವಂತೆ ಮಾಡಬಹುದು, ಅಥವಾ ಅದಕ್ಕೇ ಅಂತ ಹೊಸ ಕಂತೊಂದನ್ನು ಸೇರಿಸಬಹುದು. ಜಿಲ್ಲೆಯ ಬ್ಯಾಂಕ್ ಪರಿಶೀಲನಾ ಸಭೆಗಳಲ್ಲಿ ಎಷ್ಟು ಅರ್ಜಿ ಬಂತು, ಎಷ್ಟು ಮಂಜೂರಾಯಿತು ಅಂತ ಕೇಳುವ ಜಾಗದಲ್ಲಿ ಇನ್ನೆರಡು ಕಾಲಂ ಸೇರಿಸಬಹುದು: ಎರಡು ವರ್ಷದ ಹಿಂದೆ ಸಾಲ ಪಡೆದ ಮಹಿಳೆಯರಲ್ಲಿ ಎಷ್ಟು ಜನರ ಘಟಕ ಇವತ್ತು ನಡೆಯುತ್ತಿದೆ, ಅವರಲ್ಲಿ ಎಷ್ಟು ಜನರಿಗೆ ಮೊದಲಿಗಿಂತ ದೊಡ್ಡ ಸಾಲ ಸಿಕ್ಕಿದೆ. ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಈ ಲೆಕ್ಕಕ್ಕೆ ಬೇಕಾದ ಪುಸ್ತಕಗಳು ಬ್ಯಾಂಕಿನಲ್ಲೂ ಇವೆ, ಸಂಘಗಳಲ್ಲೂ ಇವೆ. ಮುಂದಿನ ಸಭೆಯಲ್ಲೇ ಕೇಳಬಹುದು.